ಏಸಿ ಕೊಳ್ಳುವ ಮುನ್ನ ಮನೆಯ ಸೂರನ್ನು ಮುಟ್ಟಿ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯ ಸೆಕೆ, ಸ್ನಾನದ ನೀರು ಮತ್ತು ಕರೆಂಟ್ ಬಿಲ್ಲಿಗೆ ಸಂಬಂಧಿಸಿದವು. ಯಾವ ಯಂತ್ರ ಕೊಳ್ಳಬೇಕು ಎಂಬುದೇ ಎಲ್ಲರ ಪ್ರಶ್ನೆ. ಕಲಬುರಗಿಗೆ ಒಗ್ಗುವ ಯಂತ್ರ ಮಂಗಳೂರಿಗೆ ಒಗ್ಗುವುದಿಲ್ಲವಾದ್ದರಿಂದ, ನಾಲ್ಕು ಊರುಗಳ ನಾಲ್ಕು ಪ್ರಶ್ನೆಗಳನ್ನು ಆರಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮದು ಕಲಬುರಗಿಯಲ್ಲಿ ಎರಡಂತಸ್ತಿನ ಆರ್‌ಸಿಸಿ ಮನೆ. ಮೇಲಿನ ಮಲಗುವ ಕೋಣೆಯಲ್ಲಿ ರಾತ್ರಿ ಹನ್ನೊಂದಾದರೂ ಫ್ಯಾನಿನಿಂದ ಬಿಸಿ ಗಾಳಿಯೇ ಬರುತ್ತದೆ. ಒಂದೂವರೆ ಟನ್ನಿನ ಫೈವ್ ಸ್ಟಾರ್ ಏಸಿ ಹಾಕಿಸಬೇಕೆಂದಿದ್ದೇವೆ. ಇದು ಸರಿಯಾದ ಆಯ್ಕೆಯೇ?

ಉತ್ತರ: ಏಸಿಯ ಮಾತಿಗೆ ಆಮೇಲೆ ಬರುತ್ತೇನೆ. ಇವತ್ತು ರಾತ್ರಿ ಹತ್ತು ಗಂಟೆಗೆ ಒಂದು ಸ್ಟೂಲಿನ ಮೇಲೆ ನಿಂತು, ಆ ಕೋಣೆಯ ಸೂರಿಗೆ ಒಳಗಿನಿಂದ ಅಂಗೈ ಇಟ್ಟು ನೋಡಿ. ಆನಂತರ ಕೆಳಗಿನ ಅಂತಸ್ತಿನ ಕೋಣೆಯಲ್ಲೂ ಹಾಗೆಯೇ ಮಾಡಿ. ಕಳೆದ ಬೇಸಿಗೆಯಲ್ಲಿ ನಿಮ್ಮ ಭಾಗದ ಒಂದು ಮನೆಯಲ್ಲಿ ನಾನು ಹೀಗೆ ಕೈಯಿಟ್ಟಾಗ, ಸೂರ್ಯ ಮುಳುಗಿ ಮೂರು ತಾಸು ಕಳೆದಿದ್ದರೂ ಮೇಲಿನ ಸೂರು ಆಗತಾನೇ ರೊಟ್ಟಿ ಬೇಯಿಸಿ ಇಳಿಸಿದ ಹಂಚಿನ ಹಾಗೆ ಕಾವಾಡುತ್ತಿತ್ತು, ಕೆಳಗಿನ ಕೋಣೆಯ ಸೂರು ಮಾತ್ರ ಗೋಡೆಯಷ್ಟೇ ತಣ್ಣಗಿತ್ತು. ಕಾಂಕ್ರೀಟು ಹಗಲಿಡೀ ಬಿಸಿಲು ಕುಡಿದು, ಅದನ್ನು ನಿಧಾನವಾಗಿ, ನೀವು ಮಲಗುವ ಹೊತ್ತಿಗೆ ಸರಿಯಾಗಿ, ಕೋಣೆಯೊಳಗೆ ಬಿಟ್ಟುಕೊಡುತ್ತದೆ. ಫ್ಯಾನು ಆ ಬಿಸಿಯನ್ನೇ ತಳ್ಳಿ ನಿಮ್ಮ ಮೈಮೇಲೆ ಹಾಕುತ್ತದೆ.

ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಕೋಣೆಗೆ ಬರಿಯ ಸ್ಲ್ಯಾಬಿನಿಂದ ಇಳಿಯುವ ಶಾಖ, ನಿಮ್ಮ ಊರಿನ ಮೇ ತಿಂಗಳ ಬಿಸಿಲಿನಲ್ಲಿ, ಒಂದು ಕಿಲೋವ್ಯಾಟಿನ ಆಸುಪಾಸಿನಲ್ಲಿ ಇರುತ್ತದೆಂಬುದು ನನ್ನ ಲೆಕ್ಕ. ಎಂದರೆ ಸಾವಿರ ವ್ಯಾಟಿನ ಕಾಯಿಲ್ ಒಲೆಯೊಂದನ್ನು ಸೂರಿಗೆ ನೇತುಹಾಕಿ, ಅದನ್ನು ಆರಿಸದೆಯೇ ಏಸಿ ಓಡಿಸಿದಂತೆ. ಒಂದು ಟನ್ ಏಸಿ ಹೊರಹಾಕುವ ಶಾಖ ಸುಮಾರು ಮೂರೂವರೆ ಕಿಲೋವ್ಯಾಟ್ ಎಂಬುದನ್ನು ನೆನೆದರೆ, ನೀವು ಕೊಳ್ಳಹೊರಟಿರುವ ಯಂತ್ರದ ದುಡಿಮೆಯಲ್ಲಿ ಎಷ್ಟು ಭಾಗ ಬರಿಯ ತಾರಸಿಗೇ ಹೋಗುತ್ತದೆಂದು ತಿಳಿಯುತ್ತದೆ.

ಆದ್ದರಿಂದ ಮೊದಲ ಖರ್ಚು ತಾರಸಿಗೆ ಆಗಬೇಕು. ಬಣ್ಣವಿಲ್ಲದ, ಮಾಸಿದ ಸಿಮೆಂಟು ತನ್ನ ಮೇಲೆ ಬಿದ್ದ ಬಿಸಿಲಿನ ಬಹುಪಾಲನ್ನು ಹೀರಿಕೊಳ್ಳುತ್ತದೆ. ಚೆನ್ನಾಗಿ ಬಳಿದ ಬೆಳ್ಳನೆಯ ಮೇಲ್ಮೈ ಬಹುಪಾಲನ್ನು ಮರಳಿ ಆಕಾಶಕ್ಕೆ ಎಸೆಯುತ್ತದೆ. ಫೆಬ್ರುವರಿ ಮುಗಿಯುವುದರೊಳಗೆ ತಾರಸಿಯನ್ನು ಉಜ್ಜಿ ತೊಳೆದು, ಬಿರುಕು ಮುಚ್ಚಿ, ಕೂಲ್ ರೂಫ್ ಪೇಂಟನ್ನು ಎರಡು ಕೋಟು ಬಳಿಸಿ. ಅಷ್ಟು ಹಣವಿಲ್ಲದಿದ್ದರೆ ಅಂಟು ಬೆರೆಸಿದ ಸುಣ್ಣವೂ ಒಂದು ಬೇಸಿಗೆಯ ಮಟ್ಟಿಗೆ ಒಳ್ಳೆಯ ಕೆಲಸ ಮಾಡುತ್ತದೆ. ನಿಮ್ಮಲ್ಲಿ ಧೂಳು ಹೆಚ್ಚು. ಧೂಳು ಕೂತ ಬಿಳುಪು ಬಿಳುಪಲ್ಲ, ಹಾಗಾಗಿ ಬೇಸಿಗೆಯಲ್ಲಿ ಒಂದೆರಡು ಸಲವಾದರೂ ಗುಡಿಸಿ ತೊಳೆಯಬೇಕು. ನೆರೆಯ ತೆಲಂಗಾಣ ಸರ್ಕಾರ ಇದನ್ನು ಎಷ್ಟು ಮುಖ್ಯವೆಂದು ಭಾವಿಸಿದೆಯೆಂದರೆ 2023ರಲ್ಲಿ ಕೂಲ್ ರೂಫ್ ನೀತಿಯನ್ನೇ ಪ್ರಕಟಿಸಿತು. ನಮ್ಮ ಬಿಸಿಲ ನಾಡಿನ ಜಿಲ್ಲೆಗಳಿಗೂ ಅಂಥದೊಂದು ನೀತಿ ಬೇಕೆಂದು ನಾನು ಬಲವಾಗಿ ನಂಬಿದ್ದೇನೆ. ನಿಮ್ಮ ಅಜ್ಜಂದಿರ ಕಾಲದ ಮಾಳಿಗೆ ಮನೆಗಳ ದಪ್ಪ ಕಲ್ಲಿನ ಗೋಡೆ, ಮೇಲೆ ಹಾಸಿದ ಮಣ್ಣು ಇದೇ ಶಾಖವನ್ನು ತಡೆಯುತ್ತಿದ್ದವು. ನಾವು ಆ ಮಣ್ಣನ್ನು ತೆಗೆದು ಐದಿಂಚು ಕಾಂಕ್ರೀಟು ಹಾಕಿದೆವು, ಶಾಖ ತಡೆಯುವ ಏನನ್ನೂ ಅದರ ಮೇಲೆ ಹಾಕಲಿಲ್ಲ.

ಎರಡನೆಯದಾಗಿ ನಿಮಗೆ ಏರ್ ಕೂಲರನ್ನು ನೆನಪಿಸಬೇಕು. ಏಸಿ ಬಂದ ಮೇಲೆ ಕೂಲರನ್ನು ಬಡವರ ವಸ್ತುವೆಂದು ಮೂಲೆಗೆ ತಳ್ಳುವುದನ್ನು ಕಾಣುತ್ತೇನೆ, ಆದರೆ ಒಣ ಹವೆಯ ಊರಿಗೆ ಅದಕ್ಕಿಂತ ಮಿತವ್ಯಯದ ತಂಪು ಇನ್ನೊಂದಿಲ್ಲ. ನೀರು ಆವಿಯಾಗುವಾಗ ಗಾಳಿಯಿಂದ ಶಾಖವನ್ನು ಕಸಿಯುತ್ತದೆ; ಗಾಳಿ ಎಷ್ಟು ಒಣಗಿದ್ದರೆ ಅಷ್ಟು ಹೆಚ್ಚು ತಂಪು. ಹೊರಗೆ 42 ಡಿಗ್ರಿ ಬಿಸಿ, ಗಾಳಿಯ ತೇವಾಂಶ ಶೇಕಡ 20 ಇದ್ದರೆ, ಒಳ್ಳೆಯ ಪ್ಯಾಡ್ ಇರುವ ಕೂಲರಿನಿಂದ ಬರುವ ಗಾಳಿ 28 ಡಿಗ್ರಿಯ ಹತ್ತಿರ ಇರುತ್ತದೆ. ಇದಕ್ಕೆ ತಗಲುವ ವಿದ್ಯುತ್ತು ಇನ್ನೂರು ವ್ಯಾಟಿನ ಆಸುಪಾಸು ಮಾತ್ರ. ಬಹಳಷ್ಟು ಮನೆಗಳಲ್ಲಿ ಕೂಲರ್ ಸೋಲುವುದು ಯಂತ್ರದ ದೋಷದಿಂದಲ್ಲ, ಬಳಸುವ ಕ್ರಮದಿಂದ. ಏಸಿಗೆ ಮುಚ್ಚಿದಂತೆ ಇದಕ್ಕೂ ಕಿಟಕಿ ಬಾಗಿಲು ಮುಚ್ಚುತ್ತಾರೆ, ಅರ್ಧ ಗಂಟೆಯಲ್ಲಿ ಕೋಣೆಯ ಗಾಳಿ ಒದ್ದೆಯಾಗಿ ಮೈ ಅಂಟಲು ಶುರುವಾಗುತ್ತದೆ. ಕೂಲರನ್ನು ಕಿಟಕಿಯ ಹೊರಗಿಟ್ಟು ಹೊರಗಿನ ಒಣ ಗಾಳಿಯನ್ನೇ ಎಳೆಯಲು ಬಿಡಬೇಕು, ಎದುರಿನ ಕಿಟಕಿಯನ್ನು ತೆರೆದಿಡಬೇಕು. ನೀರು ಗಂಟೆಗೆ ಹತ್ತು ಲೀಟರಿನವರೆಗೂ ಖರ್ಚಾಗಬಹುದು ಎಂಬುದನ್ನೂ ಹೇಳಬೇಕು. ವಾರಕ್ಕೊಮ್ಮೆ ನಲ್ಲಿ ಬರುವ ಓಣಿಯಲ್ಲಿ ಇದು ಸಣ್ಣ ಮಾತಲ್ಲ. ಜೂನಿನಲ್ಲಿ ಮೋಡ ಕಟ್ಟಿ ಹವೆ ತೇವವಾದ ಮೇಲೆ ಕೂಲರಿನಿಂದ ಪ್ರಯೋಜನ ಕಡಿಮೆ.

ಇಷ್ಟಾದ ಮೇಲೂ ಏಸಿ ಬೇಕೆನ್ನಿಸಿದರೆ, ಮನೆಯಲ್ಲಿ ವಯಸ್ಸಾದವರೋ ಎಳೆಯ ಮಕ್ಕಳೋ ಇದ್ದರೆ, ಖಂಡಿತ ಹಾಕಿಸಿ. ಅದರಲ್ಲಿ ಹಿಂಜರಿಕೆ ಬೇಡ. ಆದರೆ ಸ್ಟಾರ್ ಲೇಬಲನ್ನು ಓದುವ ಕ್ರಮ ತಿಳಿದಿರಲಿ. ಅದರಲ್ಲಿ ಬರೆದ ವಾರ್ಷಿಕ ಯೂನಿಟ್ ಲೆಕ್ಕ 1600 ಗಂಟೆಗಳ ಬಳಕೆಗೆ. ಒಂದೂವರೆ ಟನ್ನಿನಲ್ಲಿ ತ್ರೀ ಸ್ಟಾರಿಗೂ ಫೈವ್ ಸ್ಟಾರಿಗೂ ಆ ಲೆಕ್ಕದಲ್ಲಿ ಸುಮಾರು 200 ಯೂನಿಟ್ಟುಗಳ ಅಂತರವಿರುತ್ತದೆ. ನೀವು ಮಾರ್ಚ್ ನಡುವಿನಿಂದ ಜೂನ್ ನಡುವಿನವರೆಗೆ ರಾತ್ರಿ ಎಂಟು ತಾಸು ಓಡಿಸಿದರೂ ಆಗುವುದು 720 ಗಂಟೆ. ಎಂದರೆ ಉಳಿತಾಯ ವರ್ಷಕ್ಕೆ ನೂರು ಯೂನಿಟ್ಟಿನ ಹತ್ತಿರ, ಯೂನಿಟ್ಟಿಗೆ 6 ರೂಪಾಯಿ ಎಂದಿಟ್ಟುಕೊಂಡರೆ 600 ರೂಪಾಯಿ. ಬೆಲೆಯ ವ್ಯತ್ಯಾಸ ಎಂಟು ಹತ್ತು ಸಾವಿರವಿದ್ದರೆ ಅದು ಹುಟ್ಟಿ ಬರುವ ಹೊತ್ತಿಗೆ ಯಂತ್ರದ ಆಯುಸ್ಸೇ ಮುಗಿಯುತ್ತಾ ಬಂದಿರುತ್ತದೆ. ವರ್ಷಪೂರ್ತಿ ಏಸಿ ಓಡುವ ಮನೆಗೆ ಫೈವ್ ಸ್ಟಾರ್ ಸರಿ. ನಿಮಗೆ ತ್ರೀ ಸ್ಟಾರಿನ ಇನ್ವರ್ಟರ್ ಏಸಿ (ಬೇಕಾದ ತಂಪಿಗೆ ತಕ್ಕಂತೆ ತನ್ನ ವೇಗವನ್ನು ಏರಿಸಿ ಇಳಿಸಿಕೊಳ್ಳುವಂಥದು) ಸಾಕು, ಉಳಿದ ಹಣ ತಾರಸಿಗೆ ಹೋಗಲಿ. ತಾರಸಿ ಬೆಳ್ಳಗಾದ ಮೇಲೆ ಒಂದು ಟನ್ನಿನದೇ ಸಾಲಬಹುದು, ಆದ್ದರಿಂದ ಬಣ್ಣ ಬಳಿಸಿ ಒಂದು ವಾರ ಮಲಗಿ ನೋಡಿದ ಮೇಲೆ ಅಳತೆ ತೀರ್ಮಾನಿಸಿ.

2020ರ ಜನವರಿಯಿಂದ ಸ್ಟಾರ್ ಲೇಬಲಿನ ಏಸಿಗಳೆಲ್ಲ ಆನ್ ಮಾಡಿದ ಕೂಡಲೇ 24 ಡಿಗ್ರಿಗೆ ನಿಲ್ಲಬೇಕೆಂಬುದು ನಿಯಮ. ನೀವು ಅದನ್ನು 27ಕ್ಕೆ ಏರಿಸಿ, ಜೊತೆಗೆ ಫ್ಯಾನನ್ನು ನಿಧಾನವಾಗಿ ತಿರುಗಿಸಿ. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇಕಡ 6ರಷ್ಟು ವಿದ್ಯುತ್ತು ಉಳಿಯುತ್ತದೆ. ಫ್ಯಾನು ಹಳೆಯದಾಗಿದ್ದರೆ, ಬ್ರಷ್ ಇಲ್ಲದ ಡಿಸಿ ಮೋಟರಿನ ಬಿಎಲ್‌ಡಿಸಿ ಫ್ಯಾನಿಗೆ ಬದಲಾಯಿಸುವುದು ಒಳ್ಳೆಯದು. ಎಪ್ಪತ್ತೈದು ವ್ಯಾಟಿನ ಜಾಗದಲ್ಲಿ ಅದು ಮೂವತ್ತರ ಆಸುಪಾಸಿನಲ್ಲೇ ಅಷ್ಟೇ ಗಾಳಿ ಕೊಡುತ್ತದೆ, ಮತ್ತು ಫ್ಯಾನು ವರ್ಷವಿಡೀ ತಿರುಗುವ ವಸ್ತು.

ಪ್ರಶ್ನೆ: ಮಂಗಳೂರಿನಲ್ಲಿ ನಮ್ಮದು ಹಂಚಿನ ಮನೆ. ಏಸಿಯ ಬಿಲ್ಲಿಗೆ ಹೆದರಿ ದೊಡ್ಡ ಕೂಲರ್ ತಂದೆವು. ತಂಪಾಗುವ ಬದಲು ಬೆವರು ಇನ್ನೂ ಹೆಚ್ಚಾಯಿತು. ಏನು ತಪ್ಪಾಗಿದೆ?

ಉತ್ತರ: ಕೂಲರಿನಲ್ಲಿ ತಪ್ಪಿಲ್ಲ, ಅದು ನಿಮ್ಮ ಊರಿನ ಯಂತ್ರವಲ್ಲ ಅಷ್ಟೇ. ಹೊರಗೆ 33 ಡಿಗ್ರಿ, ತೇವಾಂಶ ಶೇಕಡ 75 ಇರುವಾಗ, ಎಂಥ ಕೂಲರಾದರೂ ಗಾಳಿಯನ್ನು 29 ಡಿಗ್ರಿಗಿಂತ ಕೆಳಗೆ ಇಳಿಸಲಾರದು. ಅಷ್ಟಕ್ಕೇ ಗಾಳಿ ನೀರಿನಿಂದ ತುಂಬಿಹೋಗುತ್ತದೆ, ಮೈಯ ಬೆವರು ಆರಲು ಜಾಗವೇ ಉಳಿಯುವುದಿಲ್ಲ. ಕರಾವಳಿಯ ಸೆಕೆಗೆ ಬೇಕಾದದ್ದು ಗಾಳಿಯನ್ನು ತಣಿಸುತ್ತಲೇ ಅದರ ನೀರನ್ನೂ ತೆಗೆಯುವ ಯಂತ್ರ, ಎಂದರೆ ಏಸಿ. ಇನ್ವರ್ಟರ್ ಏಸಿಯನ್ನೇ ಆರಿಸಿ, ಕೋಣೆಗೆ ಬೇಕಾದುದಕ್ಕಿಂತ ದೊಡ್ಡದನ್ನು ತರಬೇಡಿ. ದೊಡ್ಡ ಯಂತ್ರ ಬೇಗ ತಂಪು ಮಾಡಿ ಬೇಗ ನಿಂತುಬಿಡುತ್ತದೆ, ತೇವ ಹಾಗೆಯೇ ಉಳಿಯುತ್ತದೆ. ಹಂಚಿನ ಸಂದಿಗಳಿಂದ ಹೊರಗಿನ ಗಾಳಿ ಒಳಬರುತ್ತಲೇ ಇರುವುದರಿಂದ, ಏಸಿ ಹಾಕುವ ಒಂದು ಕೋಣೆಗಾದರೂ ಸಂದಿಯಿಲ್ಲದ ಒಳಮಾಡು (ಸೀಲಿಂಗ್) ಮಾಡಿಸುವುದು ಅಗತ್ಯ. ಕಡಲ ಗಾಳಿಯ ಉಪ್ಪಿಗೆ ಔಟ್‌ಡೋರ್ ಯೂನಿಟ್ಟಿನ ತೆಳು ರೆಕ್ಕೆಗಳು ಬೇಗ ತಿಂದುಹೋಗುತ್ತವೆ. ತುಕ್ಕು ತಡೆಯುವ ಲೇಪವಿರುವುದನ್ನೇ ಕೇಳಿ ಪಡೆಯಿರಿ.

ಪ್ರಶ್ನೆ: ಬೆಂಗಳೂರಿನಲ್ಲಿ ನಾಲ್ಕು ಜನರ ಕುಟುಂಬ, ಮೂರಂತಸ್ತಿನ ಮನೆಯ ಮೇಲೆ 200 ಲೀಟರಿನ ಸೋಲಾರ್ ವಾಟರ್ ಹೀಟರ್ ಇದೆ. ಮಳೆಗಾಲದಲ್ಲಿ ಬ್ಯಾಕಪ್ ಕಾಯಿಲ್ ಹಾಕಿದರೆ ಬಿಲ್ಲು 200 ಯೂನಿಟ್ ದಾಟುತ್ತದೆ. ಸೋಲಾರ್ ತೆಗೆದು ಹೀಟ್ ಪಂಪ್ ಹಾಕಿಸಿ ಎನ್ನುತ್ತಿದ್ದಾರೆ. ಹಾಕಿಸಬಹುದೇ?

ಉತ್ತರ: ಸೋಲಾರನ್ನು ದಯವಿಟ್ಟು ತೆಗೆಸಬೇಡಿ. ವರ್ಷದ ಹೆಚ್ಚಿನ ದಿನ ಬಿಟ್ಟಿಯಾಗಿ ನೀರು ಕಾಯಿಸಿಕೊಡುವ ವಸ್ತುವನ್ನು ಕಿತ್ತು, ದಿನವೂ ಕರೆಂಟ್ ಕೇಳುವ ವಸ್ತುವನ್ನು ತರುವುದರಲ್ಲಿ ಅರ್ಥವಿಲ್ಲ. ನಿಮ್ಮ ತೊಂದರೆ ಬ್ಯಾಕಪ್ಪಿನಲ್ಲಿದೆ. ಕಾಯಿಲ್ ಇರುವುದು 200 ಲೀಟರಿನ ಟ್ಯಾಂಕಿನೊಳಗೆ. ರಾತ್ರಿ ಸ್ವಿಚ್ ಹಾಕಿದರೆ ಬೇಕಾದ ನೂರು ಲೀಟರಿಗೆ ಬದಲು ಟ್ಯಾಂಕಿನ ಬಹುಪಾಲು ಕಾಯುತ್ತದೆ, ಬೆಳಗಾಗುವುದರೊಳಗೆ ಒಂದಷ್ಟು ಶಾಖ ಆಕಾಶಕ್ಕೆ ಹೋಗುತ್ತದೆ. ನೂರು ಲೀಟರ್ ನೀರನ್ನು 26 ಡಿಗ್ರಿಯಷ್ಟು ಬಿಸಿ ಮಾಡಲು ಮೂರು ಯೂನಿಟ್ ಬೇಕು, ಇನ್ನೂರಕ್ಕೆ ಆರು. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಬಿಲ್ ಪೂರ್ತಿ ಕಟ್ಟಬೇಕಾದ್ದರಿಂದ, ದಿನದ ಈ ಮೂರು ಯೂನಿಟ್ಟಿನ ವ್ಯತ್ಯಾಸ ನಿಮಗೆ ತಿಂಗಳಿಗೆ ಸಾವಿರಕ್ಕೂ ಹೆಚ್ಚಿನ ಮಾತಾಗುತ್ತದೆ.

ಟ್ಯಾಂಕಿನ ಕಾಯಿಲಿಗೆ ವೈರ್ ತೆಗೆಸಿ, ಬಚ್ಚಲಿನಲ್ಲೇ ಹತ್ತು ಹದಿನೈದು ಲೀಟರಿನ ಸಣ್ಣ ಗೀಸರ್ ಹಾಕಿಸಿ, ಸೋಲಾರಿನ ನೀರು ಅದರ ಮೂಲಕ ಹಾದುಬರುವಂತೆ ಜೋಡಿಸಿ. ಮೋಡದ ದಿನವೂ ಸೋಲಾರ್ ನೀರು ತೀರಾ ತಣ್ಣಗಿರುವುದಿಲ್ಲ. ಮೂವತ್ತು ಮೂವತ್ತೈದು ಡಿಗ್ರಿಗೆ ಬಂದ ನೀರಿಗೆ ಉಳಿದ ಕಾವನ್ನಷ್ಟೇ ಗೀಸರ್ ಸೇರಿಸುತ್ತದೆ. ಒಳಬರುವ ಬಿಸಿನೀರನ್ನು ತಾಳುವ ಗೀಸರೇ ಆಗಬೇಕೆಂದು ಅಂಗಡಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಇನ್ನೊಂದು ಲೋಪವನ್ನು ಯಾರೂ ಗಮನಿಸುವುದಿಲ್ಲ. ಮೂರನೇ ಅಂತಸ್ತಿನ ಮೇಲಿನಿಂದ ನೆಲಮಹಡಿಯ ಬಚ್ಚಲಿಗೆ ಇಪ್ಪತ್ತು ಮೀಟರ್ ಪೈಪಿದ್ದು ಅದು ಒಂದಿಂಚಿನದಾಗಿದ್ದರೆ, ಬಿಸಿನೀರು ಬರುವ ಮೊದಲು ಹತ್ತು ಲೀಟರ್ ತಣ್ಣೀರು ಸುರಿಯುತ್ತದೆ, ನಲ್ಲಿ ನಿಲ್ಲಿಸಿದಾಗ ಅಷ್ಟೇ ಬಿಸಿನೀರು ಪೈಪಿನಲ್ಲಿ ಉಳಿದು ತಣಿಯುತ್ತದೆ. ಪೈಪು ಬದಲಿಸುವ ಸಂದರ್ಭ ಬಂದರೆ ಮುಕ್ಕಾಲಿಂಚು ಸಾಕು, ಹೊರಗಿನ ಭಾಗಕ್ಕೆ ಕಪ್ಪು ಸ್ಪಂಜಿನ ಕವಚ ತಪ್ಪದೆ ಹಾಕಿಸಿ. ಬೋರ್‌ವೆಲ್ ನೀರಾದರೆ ಗಾಜಿನ ಟ್ಯೂಬುಗಳ ತಳದಲ್ಲಿ ಸುಣ್ಣದಂಥ ಬಿಳಿಯ ಪುಡಿ, ಕೆಸರು ಸೇರುತ್ತದೆ. ವರ್ಷಕ್ಕೊಮ್ಮೆ ಟ್ಯೂಬ್ ಬಿಚ್ಚಿ ತೊಳೆಸಿದರೆ ಅರ್ಧ ಸತ್ತ ಸೋಲಾರ್ ಎಷ್ಟೋ ಸಲ ಮತ್ತೆ ಚುರುಕಾಗುತ್ತದೆ.

ಹೀಟ್ ಪಂಪ್ ಕೆಟ್ಟ ಯಂತ್ರವೆಂದು ನಾನು ಹೇಳುತ್ತಿಲ್ಲ. ಅದು ಶಾಖವನ್ನು ಹುಟ್ಟಿಸದೆ ಹೊರಗಿನ ಗಾಳಿಯಿಂದ ಎತ್ತಿ ನೀರಿಗೆ ಸಾಗಿಸುತ್ತದೆ, ಆದ್ದರಿಂದ ಗೀಸರಿಗೆ ಮೂರು ಯೂನಿಟ್ ಬೇಕಾದಲ್ಲಿ ಅದಕ್ಕೆ ಒಂದು ಸಾಕು. ತಾರಸಿಯ ಹಕ್ಕಿಲ್ಲದ ಅಪಾರ್ಟ್‌ಮೆಂಟಿನ ದೊಡ್ಡ ಕುಟುಂಬಕ್ಕೆ, ಪಿಜಿ, ಹಾಸ್ಟೆಲುಗಳಿಗೆ ಅದನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ಅರುವತ್ತು ಯೂನಿಟ್ ಉಳಿಸಲು ಗೀಸರಿನ ಹಲವು ಪಟ್ಟು ಬೆಲೆ ಕೊಡುವುದು, ಅದೂ ಸೋಲಾರ್ ಇರುವಾಗ, ಸರಿಯಲ್ಲ.

ಪ್ರಶ್ನೆ: ಮಡಿಕೇರಿಯಲ್ಲಿ ವಯಸ್ಸಾದ ತಾಯಿಯವರ ಕೋಣೆಗೆ ಆಯಿಲ್ ಹೀಟರ್ ಕೊಂಡರೆ ರಾಡ್ ಹೀಟರಿಗಿಂತ ಕರೆಂಟ್ ಉಳಿಯುತ್ತದೆಯೇ?

ಉತ್ತರ: ಉಳಿಯುವುದಿಲ್ಲ. ಎಣ್ಣೆ ತುಂಬಿದ್ದಾಗಲಿ, ಕೆಂಪಗೆ ಉರಿಯುವ ರಾಡಾಗಲಿ, ಒಂದು ಯೂನಿಟ್ ವಿದ್ಯುತ್ತಿಗೆ ಒಂದೇ ಯೂನಿಟ್ ಶಾಖ. ಆಯಿಲ್ ಹೀಟರಿನ ಗುಣ ಸುರಕ್ಷತೆಯಲ್ಲಿದೆ. ಬಟ್ಟೆ ತಗಲಿ ಹೊತ್ತಿಕೊಳ್ಳುವ ಭಯ ಕಡಿಮೆ. ಉಳಿತಾಯವೇ ಬೇಕಿದ್ದರೆ ಬಿಸಿಗಾಳಿಯನ್ನೂ ಕೊಡುವ ಹಾಟ್ ಅಂಡ್ ಕೋಲ್ಡ್ ಇನ್ವರ್ಟರ್ ಏಸಿಯನ್ನು ಪರಿಗಣಿಸಿ. ನಿಮ್ಮ ಊರಿನ ಚಳಿಯಲ್ಲಿ ಅದು ಒಂದು ಯೂನಿಟ್ಟಿಗೆ ಮೂರರಷ್ಟು ಶಾಖ ಕೊಡಬಲ್ಲದು, ಮಳೆಗಾಲದ ಥಂಡಿಗೆ ಗೋಡೆ ಬೂಸ್ಟು ಹಿಡಿಯದಂತೆ ಕೋಣೆಯ ತೇವವನ್ನೂ ತೆಗೆಯುತ್ತದೆ. ಅದಕ್ಕೂ ಮುನ್ನ ಕಿಟಕಿಯ ಸಂದಿಗಳಿಗೆ ರಬ್ಬರ್ ಪಟ್ಟಿ, ಬಾಗಿಲ ಕೆಳಗೆ ಗಾಳಿ ತಡೆ, ದಪ್ಪ ಪರದೆ ಹಾಕಿಸಿ.

ಒಂದು ವಿನಂತಿ ಮಾತ್ರ ಇದೆ. ಕರೆಂಟ್ ಹೋದ ರಾತ್ರಿ ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಮಲಗುವ ಕೋಣೆಗೆ ತರುವ ರೂಢಿ ನಿಮ್ಮ ಕಡೆ ಇದ್ದರೆ, ಅದನ್ನು ಇಂದೇ ಬಿಡಿಸಿ. ಹೊಗೆಯಿಲ್ಲದ ಕೆಂಡವೂ ಕಾರ್ಬನ್ ಮೊನಾಕ್ಸೈಡ್ ಉಗುಳುತ್ತದೆ, ಅದಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲಿದ್ದವರಿಗೆ ಎಚ್ಚರವಾಗುವುದಿಲ್ಲ. ಅಂಥ ರಾತ್ರಿಗೆ ತಾಯಿಯವರಿಗೆ ರಬ್ಬರಿನ ಬಿಸಿನೀರಿನ ಚೀಲವೊಂದನ್ನು ಬಟ್ಟೆ ಸುತ್ತಿ ಕಂಬಳಿಯೊಳಗೆ, ಕಾಲಿನ ಬಳಿ ಇಡಿ.