ಪ್ರತಿಕ್ರಿಯೆ: ಇಂಗ್ಲಿಷ್ ಪೇಪರ್ ಕೊಟ್ಟರೆ ಮಕ್ಕಳು ಹೆಡ್‌ಲೈನಿನಲ್ಲೇ ನಿಲ್ಲುತ್ತಾರೆ

ಕನ್ನಡ ಮಾಧ್ಯಮದ ಒಂಬತ್ತನೇ ಕ್ಲಾಸಿನವರು ಇಂಗ್ಲಿಷ್ ಪಾಠ ಓದುತ್ತಾರೆ, ಪೇಪರ್ ಕೊಟ್ಟರೆ ಹೆಡ್‌ಲೈನಿನಲ್ಲೇ ನಿಲ್ಲುತ್ತಾರೆ ಅಂದಿದ್ದೀರಿ. ಹಾಗಿದ್ದರೆ ತೊಂದರೆ ಬಹುಶಃ ಹೆಡ್‌ಲೈನಿನ ಗ್ರಾಮರಿನದ್ದೇ. 'ತ್ರೀ ಹೆಲ್ಡ್ ಫಾರ್ ಥೆಫ್ಟ್' ಎಂಬಲ್ಲಿ 'ವರ್' (were) ಕಾಣೆ. 'ಸಿಎಂ ಟು ವಿಸಿಟ್ ಹುಬ್ಬಳ್ಳಿ' ಎಂದರೆ ಇನ್ನು ಹೋಗಲಿದ್ದಾರೆ ಅಂತ. ನಿನ್ನೆ ಮುಗಿದ ಮ್ಯಾಚಿಗೆ 'ಇಂಡಿಯಾ ವಿನ್' ಅಂತ ವರ್ತಮಾನ ಕಾಲ. ನಾವು ಕ್ಲಾಸಿನಲ್ಲಿ ಕಲಿಸೋದಕ್ಕೆ ಇದು ಪೂರ್ತಿ ಉಲ್ಟಾ, ಅಲ್ವಾ?

ಅದಕ್ಕೇ ಮೊದಲು ಹೆಡ್‌ಲೈನ್ ಮುಚ್ಚಿ ಕೊಡಿ. ಐದಾರು ಸಾಲಿನ, ಮಕ್ಕಳಿಗೆ ಆಗಲೇ ಗೊತ್ತಿರುವ ಸುದ್ದಿ ಆರಿಸಿ: ಕ್ರಿಕೆಟ್, ಮಳೆಗೆ ಶಾಲೆ ರಜೆ, ಇಂಥದ್ದು. ಸಂಪಾದಕೀಯ ಮಾತ್ರ ಬೇಡವೇ ಬೇಡ. ಅದೇ ಸುದ್ದಿಯನ್ನು ಕನ್ನಡ ಪೇಪರಿನಲ್ಲಿ ಓದಿಸಿ. ಆಮೇಲೆ ಇಂಗ್ಲಿಷಿನ ಮೊದಲ ವಾಕ್ಯದಲ್ಲಿ ಯಾರು, ಏನು, ಎಲ್ಲಿ, ಯಾವಾಗ, ಇಷ್ಟಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿಸಿ. ಸುದ್ದಿಯ ತಿರುಳು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಗೊತ್ತಿಲ್ಲದ ಪದಕ್ಕೆಲ್ಲ ಸುಮ್ನೆ ಅರ್ಥ ಹೇಳುತ್ತಾ ಹೋಗಬೇಡಿ, ನಾಲ್ಕೈದು ಸಾಕು.

ಕೊನೆಗೆ ಹೆಡ್‌ಲೈನ್ ತೆರೆದು, ಬಿಟ್ಟುಹೋದ ಪದ ಸೇರಿಸಿ ಪೂರ್ತಿ ವಾಕ್ಯ ಬರೆಸಿ. 'ತ್ರೀ ಮೆನ್ ವರ್ ಹೆಲ್ಡ್' ಅಂತ ಅವರೇ ಬರೆದಾಗ ಮಜಾ ಇರುತ್ತದೆ.

ಪೇಪರೇ ಭಾರ ಅನ್ನಿಸಿದರೆ 'ನ್ಯೂಸ್ ಇನ್ ಲೆವೆಲ್ಸ್' ಸೈಟಿನಲ್ಲಿ ಒಂದೇ ಸುದ್ದಿ ಮೂರು ಹಂತದಲ್ಲಿ ಸಿಗುತ್ತದೆ. ಮೊದಲ ಹಂತದ್ದನ್ನು ಪ್ರಿಂಟ್ ತೆಗೆಯಿರಿ.

ಒಂದು ಅನುಮಾನ ಇದೆ. ಮಕ್ಕಳು ಪಾಠವನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿರಲೂಬಹುದು. ಹೊಸ ವಾಕ್ಯ ಕೊಟ್ಟು ಒಬ್ಬೊಬ್ಬರಿಂದ ಜೋರಾಗಿ ಓದಿಸಿ ನೋಡಿ. ಅಕ್ಷರ ಕೂಡಿಸುವಲ್ಲೇ ತಡವರಿಸಿದರೆ ಪೇಪರ್ ಸದ್ಯಕ್ಕೆ ಬದಿಗಿಡಿ, ಫೋನಿಕ್ಸಿನಿಂದ, ಅಂದರೆ ಯಾವ ಅಕ್ಷರಕ್ಕೆ ಯಾವ ಧ್ವನಿ ಎಂದು ಕೂಡಿಸಿ ಓದುವ ಪಾಠದಿಂದ, ಶುರು ಮಾಡಿ.