ಜೇನಿನ ವಿಷದಿಂದ ಜಂತು, ಜ್ವರ ವಾಸಿಯಾಗುತ್ತದೆಯೇ: ಗುಂಪಿನಲ್ಲಿ ಬಂದ ಪ್ರಶ್ನೆಗೆ ಉತ್ತರ

ಆತ್ಮೀಯರೇ,

ಚಳ್ಳಕೆರೆ ಕಡೆಯ ನಮ್ಮ ಸದಸ್ಯರೊಬ್ಬರು ಗುಂಪಿನಲ್ಲಿ ಎರಡು ಪ್ರಶ್ನೆ ಕೇಳಿದ್ದಾರೆ. ಜೇನಿನ ವಿಷವು ಮಲೇರಿಯಾ, ಕಾಲಾ ಆಜಾರ್ (ಮರಳುನೊಣದಿಂದ ಹರಡುವ ದೀರ್ಘ ಜ್ವರ) ಮುಂತಾದ ರೋಗಗಳ ಪರಾವಲಂಬಿಗಳನ್ನು ಕೊಲ್ಲುತ್ತದೆ ಎನ್ನುವ ವಿಡಿಯೊ ಒಂದನ್ನು ಅವರು ನೋಡಿದ್ದಾರೆ. ರೊಪ್ಪದಲ್ಲಿ ಸೊರಗುತ್ತಿರುವ ಕುರಿಗಳಿಗೆ ಜೇನು ಕಚ್ಚಿಸಿದರೆ ಜಂತು ಹೋಗುತ್ತದೆಯೇ ಎಂಬುದು ಮೊದಲ ಪ್ರಶ್ನೆ. ವಿಷ ತೆಗೆಯುವ ಯಂತ್ರ ಕೊಂಡರೆ ಲಾಭವಿದೆಯೇ ಎಂಬುದು ಎರಡನೆಯದು. ಅದರ ಕೆಳಗೆ ಕೆಲವರು ಮಂಡಿ ನೋವಿಗೆ ಕಚ್ಚಿಸಿಕೊಂಡವರ ಉದಾಹರಣೆ ಕೊಟ್ಟು, ಕುರಿಗೂ ಮಾಡಿ ನೋಡಿ ಎಂದು ಧೈರ್ಯ ತುಂಬಿದ್ದಾರೆ. ಹೊಸದುರ್ಗದ ಕಡೆ ದಾಳಿಂಬೆ ತೋಟದಲ್ಲಿ ಮೆಲ್ಲಿಫೆರಾ ಎಂಬ ಯುರೋಪಿನ ಜೇನಿನ ಪೆಟ್ಟಿಗೆಗಳನ್ನೂ ಮನೆಯ ಹಿಂದೆ ಒಂದಿಷ್ಟು ಕುರಿಗಳನ್ನೂ ಸಾಕಿರುವ ನನಗೆ ಎರಡೂ ಪ್ರಶ್ನೆಗಳು ಹತ್ತಿರದವು. ದಯವಿಟ್ಟು ಕುರಿಗಳಿಗೆ ಜೇನು ಕಚ್ಚಿಸಬೇಡಿ. ಯಂತ್ರಕ್ಕೂ ಈಗಲೇ ಹಣ ಕೊಡಬೇಡಿ. ಏಕೆ ಎಂಬುದನ್ನು ವಿವರವಾಗಿ ಬರೆಯುತ್ತೇನೆ.

ವಿಡಿಯೊದ ಮೂಲ ಸಂಗತಿ ಸುಳ್ಳಲ್ಲ. ಜೇನಿನ ವಿಷವನ್ನು ಒಣಗಿಸಿದರೆ ಅದರ ತೂಕದ ಸುಮಾರು ಅರ್ಧದಷ್ಟು ಮೆಲಿಟಿನ್ ಎಂಬ ಒಂದೇ ವಸ್ತು ಇರುತ್ತದೆ. ಅದು 26 ಅಮೈನೋ ಆಮ್ಲಗಳ ಪುಟ್ಟ ಸರಪಳಿ. ಅದರ ನಂತರದ ಪಾಲು ಫಾಸ್ಫೊಲೈಪೇಸ್ ಎ2 ಎಂಬ ಕಿಣ್ವದ್ದು, ಸುಮಾರು ಶೇ 10ರಿಂದ 12. ಉಳಿದಂತೆ ಅಪಮಿನ್, ಹಯಲುರೊನಿಡೇಸ್ ಮುಂತಾದವು ಸಣ್ಣ ಸಣ್ಣ ಪ್ರಮಾಣದಲ್ಲಿವೆ. ಮೆಲಿಟಿನ್ ಸರಪಳಿಯ ಒಂದು ಮಗ್ಗುಲು ನೀರಿಗೆ ಒಗ್ಗುತ್ತದೆ, ಇನ್ನೊಂದು ಮಗ್ಗುಲು ಕೊಬ್ಬಿಗೆ ಒಗ್ಗುತ್ತದೆ. ಜೀವಕೋಶದ ಹೊರಪೊರೆ ಮುಖ್ಯವಾಗಿ ಕೊಬ್ಬಿನಿಂದ ಆದದ್ದರಿಂದ ಮೆಲಿಟಿನ್ ಕಣಗಳು ಆ ಪೊರೆಯೊಳಗೆ ನುಗ್ಗಿ, ಗುಂಪುಗೂಡಿ ರಂಧ್ರ ಮಾಡುತ್ತವೆ. ಒಳಗಿನ ಲವಣಗಳು ಸೋರಿ, ಹೊರಗಿನ ನೀರು ಒಳನುಗ್ಗಿ ಕೋಶ ಒಡೆಯುತ್ತದೆ. ಕಾಲಾ ಆಜಾರ್ ತರುವ ಲೀಶ್ಮೇನಿಯಾ ಆಗಲಿ, ದಕ್ಷಿಣ ಅಮೆರಿಕದ ಚಾಗಸ್ ರೋಗಕ್ಕೆ ಕಾರಣವಾದ ಟ್ರಿಪನೊಸೋಮಾ ಕ್ರೂಜಿ ಆಗಲಿ ಒಂದೇ ಕೋಶದ ಜೀವಿಗಳು. ಪೊರೆ ಹರಿದರೆ ಅವುಗಳ ಕಥೆ ಮುಗಿಯಿತು. ಬ್ರೆಜಿಲ್‌ನ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಮೆಲಿಟಿನ್ ಟ್ರಿಪನೊಸೋಮಾ ಕ್ರೂಜಿಯ ಬೇರೆ ಬೇರೆ ಹಂತಗಳನ್ನು ಬೇರೆ ಬೇರೆ ರೀತಿಯಲ್ಲಿ ಸಾಯಿಸುವುದನ್ನು ತೋರಿಸಿದ್ದಾರೆ.

ಆದರೆ ಆ ಪ್ರಯೋಗಗಳು ನಡೆದದ್ದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಪರಾವಲಂಬಿಗಳ ಮೇಲೆ. ಮೆಲಿಟಿನ್‌ಗೆ ಪರಾವಲಂಬಿಯ ಪೊರೆ ಯಾವುದು, ನಮ್ಮ ಕೆಂಪು ರಕ್ತಕಣದ ಪೊರೆ ಯಾವುದು ಎಂಬ ಭೇದ ಬಹಳ ಕಡಿಮೆ. ಪರಾವಲಂಬಿ ಸಾಯುವ ಮಟ್ಟವೂ ರಕ್ತಕಣ ಒಡೆಯುವ ಮಟ್ಟವೂ ಹತ್ತಿರ ಹತ್ತಿರವೇ ಇವೆ. ಅದಕ್ಕಾಗಿಯೇ ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ವಿಜ್ಞಾನಿಗಳು ಮೆಲಿಟಿನ್ ಅನ್ನು ಇದ್ದಂತೆಯೇ ಬಳಸುವ ಬದಲು ತಿದ್ದಿ ಬಳಸುವ ದಾರಿ ಹುಡುಕುತ್ತಿದ್ದಾರೆ. ನನಗೆ ಈ ವಿಷಯದಲ್ಲಿ ಅತ್ಯಂತ ಆಶಾದಾಯಕವಾಗಿ ಕಾಣುವುದು ಈ ಭಾಗವೇ. ಸ್ವೀಡನ್ನಿನ ಹಾನ್ಸ್ ಬೋಮನ್ ಮತ್ತು ನೊಬೆಲ್ ಪುರಸ್ಕೃತ ಅಮೆರಿಕದ ರಸಾಯನ ವಿಜ್ಞಾನಿ ಬ್ರೂಸ್ ಮೆರಿಫೀಲ್ಡ್ ತಮ್ಮ ಸಂಗಡಿಗರೊಂದಿಗೆ 1989ರಲ್ಲಿ, ಒಂದು ಜಾತಿಯ ರೇಷ್ಮೆ ಪತಂಗದಿಂದ ಸಿಕ್ಕ ಸೆಕ್ರೋಪಿನ್ ಎಂಬ ವಸ್ತುವಿನ ಮುಂಭಾಗಕ್ಕೆ ಮೆಲಿಟಿನ್‌ನ ಒಂದು ತುಂಡನ್ನು, ನಾವು ಮಾವಿಗೆ ಕಸಿ ಕಟ್ಟುವಂತೆ, ಜೋಡಿಸಿದರು. ಆ ಮಿಶ್ರ ಸರಪಳಿಯು ಬ್ಯಾಕ್ಟೀರಿಯಾ ಮತ್ತು ಮಲೇರಿಯಾ ಪರಾವಲಂಬಿಗಳ ಮೇಲೆ ಕೆಲಸ ಮಾಡಿತು, ಕೆಂಪು ರಕ್ತಕಣಗಳಿಗೆ ಮಾತ್ರ ಮೂಲ ಮೆಲಿಟಿನ್‌ನಷ್ಟು ಹಾನಿ ಮಾಡಲಿಲ್ಲ. ಸ್ಪೇನಿನ ಸಂಶೋಧಕರು 1998ರಲ್ಲಿ ಇದೇ ಬಗೆಯ ಮಿಶ್ರ ಸರಪಳಿ ಲೀಶ್ಮೇನಿಯಾ ಡೊನೊವಾನಿಯ ಹೊರಪೊರೆಯನ್ನೇ ಗುರಿಯಾಗಿಸಿಕೊಳ್ಳುತ್ತದೆ ಎಂದು ತೋರಿಸಿದರು. ಅದನ್ನು ಮತ್ತಷ್ಟು ಗಿಡ್ಡ ಮಾಡಿ, ತುದಿಗೆ ಕೊಬ್ಬಿನ ಆಮ್ಲವೊಂದನ್ನು ಅಂಟಿಸಿ, ಸಹಜವಾಗಿ ಲೀಶ್ಮೇನಿಯಾ ಸೋಂಕು ತಗಲಿದ್ದ ನಾಯಿಗಳಿಗೆ ಕೊಟ್ಟ ಪ್ರಯೋಗದ ವರದಿಯೂ 2004ರಲ್ಲಿ ಬಂತು.

ಫಾಸ್ಫೊಲೈಪೇಸ್‌ನ ದಾರಿಯೇ ಬೇರೆ. 2002ರಲ್ಲಿ ಅಮೆರಿಕದ ಒಂದು ತಂಡ, ನಮ್ಮ ನಗರಗಳ ನೀರಿನ ತೊಟ್ಟಿಗಳಲ್ಲೇ ಬೆಳೆಯುವ ಅನಾಫಿಲಿಸ್ ಸ್ಟೀಫೆನ್ಸಿ ಜಾತಿಯ ಸೊಳ್ಳೆಯ ಕರುಳಿನಲ್ಲಿ ಜೇನಿನ ಈ ಕಿಣ್ವ ಹುಟ್ಟುವಂತೆ ವಂಶವಾಹಿ ಸೇರಿಸಿತು. ಇಲಿಗಳಿಗೆ ಬರುವ ಮಲೇರಿಯಾದ ಪರಾವಲಂಬಿಗೆ ಅಂಥ ಸೊಳ್ಳೆಯ ಕರುಳಿನ ಗೋಡೆ ದಾಟುವುದೇ ಕಷ್ಟವಾಗಿ, ಸೊಳ್ಳೆಯೊಳಗಿನ ಅದರ ಬೆಳವಣಿಗೆ ಬಹುಮಟ್ಟಿಗೆ ತಗ್ಗಿತು. ಇದು ರೋಗಿಗೆ ಕೊಡುವ ಔಷಧಿಯೇ ಅಲ್ಲ, ರೋಗ ಹರಡುವ ಸೊಳ್ಳೆಯನ್ನು ಬದಲಿಸುವ ಪ್ರಯತ್ನ. ವಿಡಿಯೊ ಮಾಡಿದವರು ಇದನ್ನೂ ಜೇನು ಕಚ್ಚಿಸುವ ಚಿಕಿತ್ಸೆಯ ಪಟ್ಟಿಗೆ ಸೇರಿಸಿಬಿಟ್ಟಿದ್ದಾರೆ, ಅದು ತಪ್ಪು.

ಈಗ ಕುರಿಯ ಲೆಕ್ಕಕ್ಕೆ ಬರೋಣ. ಒಂದು ಮೆಲ್ಲಿಫೆರಾ ಜೇನು ಒಂದು ಸಲ ಕಚ್ಚಿದಾಗ ಒಳಗೆ ಹೋಗುವ ವಿಷ ಒಣತೂಕದಲ್ಲಿ ಸುಮಾರು 0.1 ಮಿಲಿಗ್ರಾಂ. ಅರ್ಧ ಮೆಲಿಟಿನ್ ಎಂದು ಹಿಡಿದರೆ 50 ಮೈಕ್ರೋಗ್ರಾಂ. 30 ಕಿಲೋ ತೂಗುವ ಕುರಿಯ ಮೈಯಲ್ಲಿ ಹೆಚ್ಚುಕಡಿಮೆ 2 ಲೀಟರ್ ರಕ್ತವಿರುತ್ತದೆ. ಕಚ್ಚಿದ ಜಾಗದಲ್ಲಿ ಏನೂ ಉಳಿಯದೆ ಪೂರ್ತಿ ರಕ್ತಕ್ಕೇ ಸೇರಿತು ಎಂದು ಇಟ್ಟುಕೊಂಡರೂ ಮಿಲಿಲೀಟರಿಗೆ 0.025 ಮೈಕ್ರೋಗ್ರಾಂ ಆಗುತ್ತದೆ. ವಾಸ್ತವದಲ್ಲಿ ಅಷ್ಟೂ ತಲುಪುವುದಿಲ್ಲ, ಏಕೆಂದರೆ ಬಹುಪಾಲು ಕಚ್ಚಿದಲ್ಲೇ ಊತ ಎಬ್ಬಿಸಿ ಮುಗಿಯುತ್ತದೆ, ಉಳಿದದ್ದು ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಉದಾಹರಣೆಗೆ, ರಕ್ತದಲ್ಲಿ ಮಿಲಿಲೀಟರಿಗೆ 2 ಮೈಕ್ರೋಗ್ರಾಂ ಬೇಕೆಂದರೆ ಒಂದೇ ಕುರಿಗೆ ಒಂದೇ ಹೊತ್ತಿಗೆ 80 ಜೇನು ಕಚ್ಚಿಸಬೇಕಾಗುತ್ತದೆ, ಮತ್ತು ಆ ಮಟ್ಟ ಮುಟ್ಟಿದರೆ ಕುರಿಯದೇ ರಕ್ತಕಣ ಒಡೆಯುವ ಅಪಾಯವಿದೆ. ಒಡೆದ ಕಣಗಳ ಬಣ್ಣದ ಪದಾರ್ಥ ಮೂತ್ರಪಿಂಡಕ್ಕೆ ಹೊರೆಯಾಗುತ್ತದೆ. ಹೆಜ್ಜೇನಿನ ದಾಳಿಗೆ ಸಿಕ್ಕ ಜನ, ದನಗಳಲ್ಲಿ ಮೂತ್ರ ಕಪ್ಪಾಗಿ ಮೂತ್ರಪಿಂಡ ಕೈಕೊಡುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಮುಖ್ಯ ವ್ಯತ್ಯಾಸವನ್ನು ಗುಂಪಿನಲ್ಲಿ ಯಾರೂ ಗಮನಿಸಿಲ್ಲ. ಪರಾವಲಂಬಿ ಎಂದ ಕೂಡಲೇ ಎಲ್ಲವೂ ಒಂದೇ ಅಲ್ಲ. ವಿಡಿಯೊದಲ್ಲಿ ಹೇಳಿದ ಲೀಶ್ಮೇನಿಯಾ, ಟ್ರಿಪನೊಸೋಮಾ, ಮಲೇರಿಯಾದ ಪ್ಲಾಸ್ಮೋಡಿಯಂ ಇವೆಲ್ಲ ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಏಕಕೋಶ ಜೀವಿಗಳು. ಕುರಿಯ ಹೊಟ್ಟೆಯಲ್ಲಿರುವುದು ಕಣ್ಣಿಗೆ ಕಾಣುವ, ದಪ್ಪ ಹೊರಚರ್ಮದ ಹುಳು. ನಮ್ಮ ಭಾಗದಲ್ಲಿ ಮಳೆಗಾಲದ ನಂತರ ಕುರಿಗಳನ್ನು ಹೆಚ್ಚು ಕಾಡುವ ಹೆಮಾಂಕಸ್ ಎಂಬ ಹುಳು ನಾಲ್ಕನೆಯ ಹೊಟ್ಟೆಯ ಒಳಗೋಡೆಗೆ ಅಂಟಿಕೊಂಡು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಹೀರುತ್ತದೆ. ಸಾವಿರ ಹುಳು ಇದ್ದರೆ ದಿನಕ್ಕೆ 50 ಮಿಲಿಲೀಟರ್. ತೊಡೆಯ ಚರ್ಮಕ್ಕೆ ಕಚ್ಚಿಸಿದ ವಿಷ ಆ ಹುಳುವಿನವರೆಗೆ ಹೋಗುವ ದಾರಿಯೇ ಇಲ್ಲ. ಬಾಯಿಯ ಮೂಲಕ ಕುಡಿಸೋಣ ಎಂದರೆ ಮೆಲಿಟಿನ್ ಪ್ರೋಟೀನ್ ಜಾತಿಯ ಪದಾರ್ಥವಾದ್ದರಿಂದ ಹೊಟ್ಟೆಯಲ್ಲೇ ಜೀರ್ಣವಾಗಿ ಹೋಗುತ್ತದೆ. ಮೊದಲೇ ರಕ್ತ ಕಳೆದುಕೊಂಡು ನಿಂತಿರುವ ಕುರಿಗೆ ರಕ್ತಕಣ ಒಡೆಯುವ ವಿಷ ಕೊಡುವುದು ಅದರ ಮೇಲೆ ಮಾಡುವ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ.

ಮನುಷ್ಯರ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಾಗಿ ಹೇಳಬೇಕಾಗಿದೆ. ಮಲೇರಿಯಾ, ಕಾಲಾ ಆಜಾರ್ ಎರಡಕ್ಕೂ ಪರೀಕ್ಷಿಸಿ ಒಪ್ಪಿದ ಔಷಧಿಗಳಿವೆ. ಬಿಹಾರದಲ್ಲಿ ಹಳೆಯ ಆಂಟಿಮನಿ ಚುಚ್ಚುಮದ್ದಿಗೆ ಲೀಶ್ಮೇನಿಯಾ ಬಗ್ಗದೆ ಹೋದದ್ದರಿಂದಲೇ 2002ರಲ್ಲಿ ಮಿಲ್ಟೆಫೋಸಿನ್ ಎಂಬ ಬಾಯಿಯ ಮೂಲಕ ಕೊಡುವ ಔಷಧಿಗೆ ಭಾರತ ಅನುಮತಿ ಕೊಟ್ಟಿತು, ನಂತರ ಲೈಪೊಸೋಮ್ ರೂಪದ, ಅಂದರೆ ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ತುಂಬಿದ, ಆಂಫೊಟೆರಿಸಿನ್ ಎಂಬ ಔಷಧಿ ಬಂತು. ಪರಾವಲಂಬಿಗಳು ಹೀಗೆ ಔಷಧಿಗೆ ಒಗ್ಗಿಕೊಳ್ಳುವುದರಿಂದ ಹೊಸ ದಾರಿಗಳ ಹುಡುಕಾಟ ಅಗತ್ಯ, ಜೇನಿನ ವಿಷದ ಮೇಲಿನ ಕೆಲಸಕ್ಕೆ ಬೆಲೆ ಇರುವುದೂ ಅದಕ್ಕೇ. ಆದರೆ ಆ ಕೆಲಸ ಇನ್ನೂ ಪ್ರಯೋಗಾಲಯ ಮತ್ತು ಪ್ರಾಣಿಗಳ ಮೇಲಿನ ಪ್ರಯೋಗದ ಹಂತದಲ್ಲಿದೆ. ಜ್ವರ ಬಂದವರು ರಕ್ತ ಪರೀಕ್ಷೆ ಬಿಟ್ಟು ಜೇನು ಕಚ್ಚಿಸಿಕೊಂಡರೆ ಕಳೆದುಕೊಳ್ಳುವುದು ಚಿಕಿತ್ಸೆಯ ಸಮಯವನ್ನು. ನಾವು ವರ್ಷಗಟ್ಟಲೆ ಕಚ್ಚಿಸಿಕೊಂಡಿದ್ದೇವೆ, ನಮಗೇನೂ ಆಗುವುದಿಲ್ಲ ಎಂಬ ಮಾತನ್ನೂ ನಂಬಬೇಡಿ. ಸ್ಪೇನಿನಲ್ಲಿ ಎರಡು ವರ್ಷ ಕಾಲ ನಾಲ್ಕು ವಾರಕ್ಕೊಮ್ಮೆ ಜೇನು ಕಚ್ಚಿಸುವ ಚಿಕಿತ್ಸೆ ಪಡೆದು, ಯಾವ ತೊಂದರೆಯೂ ಇಲ್ಲದೆ ಇದ್ದ 55 ವರ್ಷದ ಮಹಿಳೆಯೊಬ್ಬರು ಒಂದು ದಿನ ಅದೇ ಕಡಿತಕ್ಕೆ ತೀವ್ರ ಅಲರ್ಜಿಯಾಗಿ, ಮುಂದೆ ತೀರಿಕೊಂಡ ಪ್ರಕರಣವನ್ನು ಅಲ್ಲಿನ ವೈದ್ಯರು 2018ರಲ್ಲಿ ವರದಿ ಮಾಡಿದ್ದಾರೆ. ಕಚ್ಚಿಸಿಕೊಂಡವರಿಗೆ ಮೈತುಂಬ ದದ್ದು, ತುಟಿ ನಾಲಿಗೆ ಊದುವುದು, ಉಸಿರು ಕಟ್ಟುವುದು, ತಲೆ ಸುತ್ತಿ ಬೀಳುವುದು ಕಂಡರೆ ಸುಣ್ಣ, ಅರಿಶಿನ ಹುಡುಕುತ್ತ ಕೂರದೆ 108ಕ್ಕೆ ಕರೆ ಮಾಡಿ. ಆಗ ಜೀವ ಉಳಿಸುವುದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು.

ಯಂತ್ರದ ಪ್ರಶ್ನೆಗೆ ಬರುತ್ತೇನೆ. ಚೌಕಟ್ಟಿಗೆ ತೆಳು ತಂತಿಗಳನ್ನು ಸಾಲಾಗಿ ಕಟ್ಟಿ, ಕೆಳಗೆ ಗಾಜಿನ ಹಾಳೆ ಇಟ್ಟು, ಪೆಟ್ಟಿಗೆಯ ಬಾಗಿಲಲ್ಲೋ ಒಳಗೋ ಇರಿಸುತ್ತಾರೆ. ತಂತಿಯಲ್ಲಿ ಬಿಟ್ಟು ಬಿಟ್ಟು ಹರಿಯುವ ಸಣ್ಣ ವಿದ್ಯುತ್ತಿಗೆ ಕೆರಳಿದ ಜೇನು ಗಾಜಿಗೆ ಕಚ್ಚುತ್ತದೆ. ಕೊಂಡಿ ಗಾಜಿನಲ್ಲಿ ನಾಟದ ಕಾರಣ ಜೇನು ಸಾಯುವುದಿಲ್ಲ. ಗಾಜಿನ ಮೇಲೆ ಬಿದ್ದ ಹನಿಗಳು ಒಣಗಿ, ಬೆಳಕಿಗೆ ಹಿಡಿದರೆ ಬಿಳಿಚುಕ್ಕೆಗಳ ತೆಳು ಪದರವಾಗಿ ಕಾಣುತ್ತವೆ. ಅದನ್ನು ಬ್ಲೇಡಿನಿಂದ ಕೆರೆಯುವಾಗ ಏಳುವ ಪುಡಿ ಮೂಗು, ಗಂಟಲಿಗೆ ಹೋದರೆ ಸೀನು, ಕೆಮ್ಮು, ಕಣ್ಣುರಿ ಶುರುವಾಗುತ್ತದೆ. ಒಳ್ಳೆಯ ಮಾಸ್ಕ್, ಕನ್ನಡಕ, ಕೈಗವಸು ಇಲ್ಲದೆ ಆ ಕೆಲಸ ಮಾಡಲೇಬಾರದು. ಒಂದು ಗ್ರಾಂ ಒಣ ವಿಷಕ್ಕೆ ಸುಮಾರು 10,000 ಕಡಿತ ಬೇಕು. ಜೇನು ಕೆರಳಿದಾಗ ಹೊರಬಿಡುವ, ಬಾಳೆಹಣ್ಣಿನಂಥ ವಾಸನೆಯ ಎಚ್ಚರಿಕೆಯ ರಾಸಾಯನಿಕ ಇಡೀ ಸಾಲಿನ ಪೆಟ್ಟಿಗೆಗಳನ್ನು ಕೆರಳಿಸುತ್ತದೆ. ಪಕ್ಕದಲ್ಲಿ ಆಳುಗಳು ದಾಳಿಂಬೆ ಕೊಯ್ಯುತ್ತಿದ್ದರೆ ಅಥವಾ ದನ ಕಟ್ಟಿದ್ದರೆ ಅಪಾಯ ಅವರಿಗೇ. ನಮ್ಮ ನಾಡಿನ ತುಡುವೆ ಜೇನಿನ ಮೇಲೆ ಇದನ್ನು ಪ್ರಯತ್ನಿಸಲೇಬೇಡಿ, ಅದು ಕಿರುಕುಳ ತಾಳದೆ ಗೂಡು ಬಿಟ್ಟು ಹೋಗುತ್ತದೆ. ಹೂವಿಲ್ಲದ ಬೇಸಿಗೆಯಲ್ಲಿ ಮೆಲ್ಲಿಫೆರಾ ಕುಟುಂಬಗಳನ್ನೂ ಕಾಡಬಾರದು.

ಯಂತ್ರ ಮಾರುವವರು ಗ್ರಾಂಗೆ ಇಷ್ಟು ಸಾವಿರ ಎಂದು ಹೇಳುತ್ತಾರೆ. ಕೊಳ್ಳುವವರು ಯಾರು, ಅವರು ಮೆಲಿಟಿನ್ ಶೇಕಡಾವಾರು ಎಷ್ಟಿರಬೇಕೆಂದು ಕೇಳುತ್ತಾರೆ, ಪರೀಕ್ಷೆಯ ಖರ್ಚು ಯಾರದು, ಕೀಟನಾಶಕದ ಅಂಶ ಸಿಕ್ಕರೆ ಏನು ಮಾಡುತ್ತಾರೆ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಯಂತ್ರ ಮಾರುವವರೇ ವಿಷವನ್ನೂ ಕೊಳ್ಳುತ್ತೇವೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ಅದನ್ನು ಮಾರುಕಟ್ಟೆ ಎಂದು ಎಣಿಸಬೇಡಿ. ನಾವೇ ರೋಗಕ್ಕೆ ಔಷಧಿ ಎಂದು ಹೇಳಿ ಮಾರುವುದಂತೂ ಪರವಾನಗಿ ಇಲ್ಲದೆ ಆಗದ ಕೆಲಸ. ಸೂರ್ಯಕಾಂತಿ, ದಾಳಿಂಬೆ, ಈರುಳ್ಳಿ ಬೀಜದ ತಾಕುಗಳಿರುವ ನಮ್ಮ ಜಿಲ್ಲೆಯಲ್ಲಿ ಅದೇ ಹಣಕ್ಕೆ ಇನ್ನೆರಡು ಪೆಟ್ಟಿಗೆ ಕೊಂಡು ಪರಾಗಸ್ಪರ್ಶಕ್ಕೆ ಇಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಸೊರಗಿದ ಕುರಿಗಳಿಗೆ ನಾಳೆಯೇ ಮಾಡಬೇಕಾದದ್ದು ಇಷ್ಟು. ಒಂದೊಂದನ್ನೇ ಹಿಡಿದು ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಇಳಿಸಿ ನೋಡಿ. ಒಳಗೆ ಕೆಂಪಗಿದ್ದರೆ ಸರಿ, ಬಿಳಿಚಿದ್ದರೆ ರಕ್ತಹೀನತೆ. ಗದ್ದದ ಕೆಳಗೆ ನೀರು ತುಂಬಿದಂಥ ಮೆತ್ತನೆಯ ಊತವಿದ್ದರೆ ಅಂಥ ಕುರಿಯನ್ನು ಮೊದಲು ಬೇರೆ ಮಾಡಿ. ನಾಲ್ಕಾರು ಕುರಿಗಳ ಹಸಿ ಹಿಕ್ಕೆಯನ್ನು ಬೇರೆ ಬೇರೆ ಕವರಿನಲ್ಲಿ ಹಾಕಿ, ಬಿಸಿಲು ತಾಗದಂತೆ ಅದೇ ದಿನ ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ದು ಜಂತಿನ ಮೊಟ್ಟೆಯ ಪರೀಕ್ಷೆ ಮಾಡಿಸಿ. ಕೆರೆ ಹಿನ್ನೀರಿನ ಬಸವನಹುಳು ಇರುವ ಜಾಗದಲ್ಲಿ ಮೇಯಿಸುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ, ಏಕೆಂದರೆ ಪಿತ್ತಜನಕಾಂಗದ ಚಪ್ಪಟೆ ಹುಳುವಿಗೆ ಕೊಡುವ ಔಷಧಿ ಬೇರೆ. ಔಷಧಿಯನ್ನು ಕಣ್ಣಂದಾಜಿನಲ್ಲಿ ಕುಡಿಸದೆ ತೂಕ ನೋಡಿ ಕುಡಿಸಿ; ಪ್ರಮಾಣ ಕಡಿಮೆಯಾದರೆ ಹುಳುಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ. ಹೊಸದಾಗಿ ಗಬ್ಬವಾದ ಕುರಿಗಳಿಗೆ ಅಲ್ಬೆಂಡಜೋಲ್ ಎಂಬ ಜಂತುನಾಶಕ ಬೇಡ, ಗರ್ಭಕ್ಕೆ ತೊಂದರೆಯಾಗುತ್ತದೆ. ಯಾವುದು ಗಬ್ಬವಾಗಿದೆ ಎಂದು ಮೊದಲೇ ತಿಳಿಸಿದರೆ ವೈದ್ಯರು ಬೇರೆ ಔಷಧಿ ಬರೆದುಕೊಡುತ್ತಾರೆ. ಪರೀಕ್ಷೆಯ ಚೀಟಿ ಬಂದ ಮೇಲೆ ಅದರ ಫೋಟೊವನ್ನು ಗುಂಪಿಗೆ ಹಾಕಿ, ಎಷ್ಟು ದಿನಕ್ಕೆ ಮರುಪರೀಕ್ಷೆ ಮಾಡಿಸಬೇಕೆಂದು ವೈದ್ಯರು ಹೇಳಿದ್ದನ್ನೂ ಜೊತೆಗೆ ಬರೆಯಿರಿ.