ಈ ಚಳಿಯಲ್ಲಿ ಸೊಪ್ಪು ಬೆಳೆಯುತ್ತಾ ಅಂತ ಕೇಳಿದವರಿಗೆ

ಸೆಪ್ಟೆಂಬರಿನಲ್ಲಿ ಮಂಡ್ಯದಿಂದ ಇಂಗ್ಲೆಂಡಿನ ರೆಡಿಂಗಿಗೆ ಬಂದಿದ್ದೀರಿ. ಬಾಡಿಗೆ ಮನೆಯ ಹಿಂದೆ ಪುಟ್ಟ ಹಿತ್ತಿಲಿದೆ, ಚಳಿಗಾಲದಲ್ಲಿ ಏನಾದರೂ ಬೆಳೆಯಬಹುದಾ ಅಂತ ಕೇಳಿದ್ದೀರಿ. ನಾನು ಇದೇ ಊರಲ್ಲಿ ಹದಿನಾಲ್ಕು ಚಳಿಗಾಲ ಕಳೆದಿದ್ದೇನೆ. ಬೆಳೆಯಬಹುದು. ಆದರೆ ಅಕ್ಟೋಬರ್ ಮುಗೀತಾ ಬಂತಲ್ಲ, ಸೊಪ್ಪಿಗೆ ತಡವಾಯಿತು.

ಬಂದವರೆಲ್ಲ ಚಳಿಗೆ ಹೆದರುತ್ತಾರೆ. ಇಲ್ಲಿ ಗಿಡವನ್ನು ಹೆಚ್ಚು ಕಾಡುವುದು ಕತ್ತಲು. ಡಿಸೆಂಬರಿನಲ್ಲಿ ಹಗಲು 8 ಗಂಟೆಯೂ ಇರುವುದಿಲ್ಲ. ಮಂಡ್ಯದಲ್ಲಿ ಎಷ್ಟು ಕಮ್ಮಿ ಅಂದರೂ 11 ಗಂಟೆ ದಾಟುತ್ತದೆ. ಹಗಲು 10 ಗಂಟೆಗಿಂತ ಕೆಳಗಿಳಿದರೆ ಗಿಡ ಸಾಯುವುದಿಲ್ಲ, ಸುಮ್ನೆ ನಿಂತುಬಿಡುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೂ ಇದೇ ಕತೆ. ಅದಕ್ಕೇ ಆಗಸ್ಟಿನಲ್ಲೇ ಪಾಲಕ್, ಕೇಲ್ (ಎಲೆಕೋಸಿನ ಜಾತಿಯ ಸೊಪ್ಪು) ಬಿತ್ತಬೇಕು. ಆಮೇಲೆ ಬೆಳೆದು ನಿಂತ ಗಿಡದಿಂದ ಬೇಕಾದಾಗ ನಾಲ್ಕು ಎಲೆ ಕಿತ್ತುಕೊಂಡರಾಯಿತು. ಮಂಜು ಕೊರೆದ ಮೇಲೆ ಕೇಲ್ ಎಲೆ ಸಿಹಿಯಾಗುತ್ತದೆ. ಚಳಿ ತಡೆಯಲು ಗಿಡವೇ ಸಕ್ಕರೆ ಕೂಡಿಸಿಕೊಳ್ಳುತ್ತದೆ. ಬಲೆ ಮಾತ್ರ ಹಾಕಿ. ಇಲ್ಲಿನ ದಪ್ಪ ಕಾಡುಪಾರಿವಾಳಗಳಿಗೂ ಆ ರುಚಿ ಗೊತ್ತು!

ಈಗ ನೀವು ಹಾಕಬಹುದಾದ್ದು ಬೆಳ್ಳುಳ್ಳಿ. ಎಸಳು ಬಿಡಿಸಿ, ಚೂಪು ತುದಿ ಮೇಲೆ ಬರುವ ಹಾಗೆ, 15 ಸೆಂಟಿಮೀಟರ್ ದೂರ ದೂರಕ್ಕೆ ಊರಿ. ಇದಕ್ಕೆ ಚಳಿ ಬೇಕೇ ಬೇಕು. ಸಾಕಷ್ಟು ಚಳಿ ಬೀಳದಿದ್ದರೆ ಎಸಳು ಒಡೆಯದೆ ಒಂಟಿ ಗಡ್ಡೆಯಾಗಿ ಉಳಿಯುತ್ತದೆ. ಕೀಳುವುದು ಜುಲೈ ಹೊತ್ತಿಗೆ.

ಇನ್ನೊಂದು, ಬ್ರಾಡ್ ಬೀನ್ಸ್, ನಮ್ಮ ಅವರೆಯ ಹಾಗೆ ಕಾಳು ಸುಲಿದು ತಿನ್ನುವಂಥದ್ದು. 'ಅಕ್ವಾಡಲ್ಸ್' ಅನ್ನುವ ತಳಿ ಕೇಳಿ ತನ್ನಿ, ನವೆಂಬರಿನಲ್ಲಿ ಬಿತ್ತಿದರೂ ಚಳಿ ತಡೆದುಕೊಳ್ಳುತ್ತದೆ. ಜೂನಿನಲ್ಲಿ ಕಾಳು ಸುಲಿದು, ಬಿಸಿನೀರಿಗೆ ಹಾಕಿ ಹಿತುಕಿದರೆ ಮೇಲಿನ ಸಿಪ್ಪೆ ಕಳಚಿ ಹಸಿರು ಬೇಳೆ ಹಾರಿ ಬರುತ್ತದೆ. ಅವರೆಯ ಸೊಗಡು ಇಲ್ಲ, ಒಪ್ಪಿಕೊಳ್ಳುತ್ತೇನೆ. ಆದರೂ ನಮ್ಮನೇಲಿ ಹಿತಕಿದ ಬೇಳೆ ಸಾರು ಆಗುವುದು ಅದರಲ್ಲೇ.

ಅಲ್ಲಿಯವರೆಗೆ ಏನು ತಿನ್ನೋದು ಅಂತೀರಾ? ಅಡುಗೆಮನೆಯ ಮೆಂತ್ಯವನ್ನೇ ರಾತ್ರಿ ನೆನೆಸಿ, ಟ್ರೇನಲ್ಲಿ ಒತ್ತಾಗಿ ಹರಡಿ, ಬಿಸಿಲು ಬರುವ ಕಿಟಕಿಯಲ್ಲಿಡಿ. ಎರಡು ವಾರದಲ್ಲಿ ಬೆರಳುದ್ದ ಬರುತ್ತದೆ, ಕತ್ತರಿಯಲ್ಲಿ ಕತ್ತರಿಸಿ ಬೇಳೆಗೆ ಹಾಕಿ. ದೊಡ್ಡ ಕಟ್ಟು ಸೊಪ್ಪಿನ ಆಸೆ ಮಾರ್ಚಿನವರೆಗೆ ಬಿಡಿ.

ಕುಂಡದಲ್ಲಿ ಕರಿಬೇವು ಕೊಂಡಿದ್ದೀರಿ ಅಂದಿರಿ. ಅದನ್ನು ಒಳಗೇ ಇಡಿ, ಆದರೆ ಹೀಟರ್ ಪಕ್ಕ ಬೇಡ. ಮಣ್ಣು ಒಣಗಿದ ಮೇಲಷ್ಟೇ ಒಂದು ಲೋಟ ನೀರು. ನನ್ನ ಮೊದಲ ಗಿಡ ಜನವರಿಯಲ್ಲಿ ಎಲೆಯೆಲ್ಲ ಉದುರಿಸಿ ಕಡ್ಡಿಯಾಯಿತು. ಸತ್ತಿತು ಅಂತ ಎಸೆದೆ. ಗೆಳತಿಯ ಮನೆಯ ಅಂಥದೇ ಕಡ್ಡಿ ಏಪ್ರಿಲಿನಲ್ಲಿ ಚಿಗುರಿತು. ಹೊಟ್ಟೆ ಉರೀತು.

ಬಾಡಿಗೆ ಮನೆ ಅಂತೀರಲ್ಲ, ನೆಲ ಅಗೆಯುವ ಮೊದಲು ಓನರ್‌ಗೆ ಒಂದು ಮಾತು ಹೇಳಿ. ಬೇಡ ಅಂದರೆ ಬಕೆಟ್ಟಿಗೆ ತೂತು ಹೊಡೆದು ಅದರಲ್ಲೇ ಹಾಕಿ. ಬಿತ್ತನೆ ಬೆಳ್ಳುಳ್ಳಿ ಎರಡು ಗಡ್ಡೆ ನನ್ನ ಹತ್ತಿರ ಮಿಕ್ಕಿದೆ, ಭಾನುವಾರ ಬಂದರೆ ಕೊಡ್ತೀನಿ.